ದುಬಾರಿ ವಾಚ್ ಮಾರುವ ಮುನ್ನ ಉಜ್ಜಬೇಡಿ

ಕಪಾಟಿನಲ್ಲಿ ವರ್ಷಗಟ್ಟಲೆ ಮಲಗಿದ್ದ ದುಬಾರಿ ಕೈಗಡಿಯಾರವನ್ನು ಮಾರಲು ಹೊರಟವರು ಮೊದಲು ಮಾಡುವ ಕೆಲಸವೆಂದರೆ ಅದನ್ನು ಪಾಲಿಶ್ ಮಾಡಿಸುವುದು. ಮನೆಗೆ ಬಣ್ಣ ಹೊಡೆಸಿ ಮಾರಿದರೆ ನಾಲ್ಕು ಕಾಸು ಹೆಚ್ಚು ಬರುವಂತೆ ಇಲ್ಲಿಯೂ ಬರುತ್ತದೆ ಎಂದು ಅವರ ಎಣಿಕೆ. ಹೀಗೆ ಎಷ್ಟೋ ಒಳ್ಳೆಯ ವಾಚುಗಳು ಬೆಲೆ ಕಳೆದುಕೊಂಡದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ವಸ್ತುವಿನ ಬೆಲೆ ಇಳಿಯುವುದನ್ನು ಲೆಕ್ಕಪತ್ರದವರು ಸವಕಳಿ ಎನ್ನುತ್ತಾರೆ. ವಾಚಿನ ವಿಷಯದಲ್ಲಿ ಈ ಮಾತು ಅಕ್ಷರಶಃ ನಿಜ. ಲೋಹ ಸವೆದಂತೆ ಬೆಲೆಯೂ ಸವೆಯುತ್ತದೆ. ಹೊಸ ವಾಚ್ ಅಂಗಡಿಯ ಹೊಸ್ತಿಲು ದಾಟಿದಾಗ ಆಗುವ ಸವಕಳಿ ನಿಮ್ಮ ಕೈಯಲ್ಲಿಲ್ಲ. ನೀವು ತೆತ್ತ ಹಣದಲ್ಲಿ ತೆರಿಗೆಯೂ ಅಂಗಡಿಯ ಲಾಭವೂ ಸೇರಿದ್ದವು, ಅವು ಹೋದಂತೆಯೇ. ಕೈಯಲ್ಲಿರುವುದನ್ನು ಉಳಿಸಿಕೊಳ್ಳುವುದು ಹೇಗೆ ಎಂಬುದಷ್ಟೇ ಈ ಲೇಖನ.

ಹಂತ 1: ಗುರುತು ಹಿಡಿಯಿರಿ

‘ನನ್ನ ಹತ್ತಿರ ಒಂದು ರೋಲೆಕ್ಸ್ ಇದೆ, ಎಷ್ಟು ಬರಬಹುದು?’ ಎಂದು ಕೇಳಿದರೆ ಯಾರೂ ಉತ್ತರ ಹೇಳಲಾರರು. ಹೆಸರಿಗಿಂತ ಮುಖ್ಯವಾದದ್ದು ರೆಫರೆನ್ಸ್ ನಂಬರ್, ಅಂದರೆ ಕಂಪನಿ ಆ ಮಾದರಿಗೆ ಕೊಟ್ಟ ಸಂಖ್ಯೆ. ರೋಲೆಕ್ಸಿನ ಸಬ್‌ಮರೀನರ್ ಎಂಬ ಒಂದೇ ಹೆಸರಿನಡಿಯಲ್ಲಿ 16610 ಎಂದರೆ ತಾರೀಖು ತೋರಿಸುವ ಉಕ್ಕಿನ ವಾಚ್, 14060 ಎಂದರೆ ತಾರೀಖಿಲ್ಲದ್ದು, 16613 ಎಂದರೆ ಉಕ್ಕು ಮತ್ತು ಹಳದಿ ಚಿನ್ನ ಸೇರಿದ್ದು, 16618 ಎಂದರೆ ಪೂರ್ತಿ ಚಿನ್ನದ್ದು. ಒಂದು ಅಂಕಿ ತಪ್ಪಿದರೂ ಬೇರೆಯದೇ ವಾಚಿನ ಬೆಲೆಯನ್ನು ಹುಡುಕುತ್ತಾ ಕೂತಿರುತ್ತೀರಿ.

ನಂಬರ್ ವಾರಂಟಿ ಕಾರ್ಡಿನಲ್ಲಿರುತ್ತದೆ. ಕಾರ್ಡ್ ಕಳೆದಿದ್ದರೆ ವಾಚಿನ ಮೇಲೆಯೇ ಹುಡುಕಬೇಕು. ಹಳೆಯ ರೋಲೆಕ್ಸ್‌ಗಳಲ್ಲಿ ಅದು ಚೈನು ಬಂದು ಸೇರುವ ಜಾಗದಲ್ಲಿ, ಕೇಸಿನ, ಅಂದರೆ ವಾಚಿನ ಲೋಹದ ಮೈಯ, ಅಂಚಿನ ಮೇಲೆ ಕೊರೆದಿರುತ್ತದೆ. ಓದಲು ಚೈನು ಬಿಚ್ಚಬೇಕು. ದಯವಿಟ್ಟು ಚಾಕುವಿನಿಂದ ಮೀಟಬೇಡಿ. ಮೀಟಿದವರ ವಾಚುಗಳಲ್ಲಿ ಆ ಅಂಚಿನ ತುಂಬ ಗೀರುಗಳಿರುತ್ತವೆ, ಕೊಳ್ಳುವವನು ಮೊದಲು ನೋಡುವುದೂ ಅಲ್ಲಿಯೇ. ಗಡಿಯಾರ ರಿಪೇರಿ ಮಾಡುವವರಿಗೆ ಇದು ಎರಡು ನಿಮಿಷದ ಕೆಲಸ.

ಹಂತ 2: ಕಾಗದಪತ್ರ ಒಟ್ಟುಮಾಡಿ

ಡಬ್ಬಿ, ವಾರಂಟಿ ಕಾರ್ಡ್, ಖರೀದಿ ಬಿಲ್, ಸರ್ವೀಸ್ ರಸೀದಿಗಳು, ಕೈಪಿಡಿ ಎಲ್ಲವೂ ಬೇಕು. ಬಹಳ ಜನ ಮರೆಯುವುದು ಚೈನಿನಿಂದ ತೆಗೆಸಿದ ಕೊಂಡಿಗಳನ್ನು. ನಿಮ್ಮ ಮಣಿಕಟ್ಟು ಸಣ್ಣದೆಂದು ಮೂರು ಕೊಂಡಿ ತೆಗೆಸಿರುತ್ತೀರಿ, ದಪ್ಪ ಕೈಯವನೊಬ್ಬ ಕೊಳ್ಳಲು ಬಂದರೆ ಅವನಿಗೆ ಆ ವಾಚ್ ಹಾಕಿಕೊಳ್ಳಲೂ ಆಗುವುದಿಲ್ಲ. ಮೇಜಿನ ಎಲ್ಲ ಖಾನೆಗಳನ್ನೂ ತಡಕಾಡಿ. ಪಾಟೆಕ್ ಫಿಲಿಪ್ ವಾಚಾದರೆ ಕಂಪನಿಯ ಕಡತದಿಂದ ತಯಾರಾದ ವರ್ಷ, ಮೊದಲು ಮಾರಾಟವಾದ ದಿನಾಂಕ ದೃಢಪಡಿಸುವ ಪತ್ರವನ್ನು ಶುಲ್ಕ ಕಟ್ಟಿ ಪಡೆಯಬಹುದು. ಮಾರುವ ಆತುರದಲ್ಲಿ ಖಾಲಿ ಡಬ್ಬಿಯನ್ನು ಬೇರೆ ಕಡೆಯಿಂದ ಕೊಂಡು ಜೋಡಿಸಬೇಡಿ. ವಾಚಿನ ಕಾಲಕ್ಕೆ ಹೊಂದದ ಡಬ್ಬಿ ಅನುಮಾನ ಹುಟ್ಟಿಸುತ್ತದೆ, ಅನುಮಾನ ಹುಟ್ಟಿದ ಮೇಲೆ ಅಸಲಿ ಬಿಲ್ಲನ್ನೂ ಜನ ನಂಬುವುದಿಲ್ಲ.

ಹಂತ 3: ಲೋಹವನ್ನು ನೋಡಿ, ಮುಟ್ಟಬೇಡಿ

ಎಡವುವುದು ಇಲ್ಲಿಯೇ ಆದ್ದರಿಂದ ನಿಧಾನವಾಗಿ ಓದಿ.

ನನ್ನ ಹಿರಿಯ ಮಿತ್ರರೊಬ್ಬರಿಗೆ ತಂದೆಯಿಂದ ಬಂದ ಚಿನ್ನದ ಕೇಸಿನ ಸ್ವಿಸ್ ವಾಚ್ ಇತ್ತು. ಐವತ್ತು ವರ್ಷದ ಗೀರುಗಳನ್ನೆಲ್ಲ ಹೊತ್ತು ಕೂತಿದ್ದ ಅದನ್ನು ಮಾರಾಟಕ್ಕೆ ಒಯ್ಯುವ ಹಿಂದಿನ ವಾರ ಅಂಗಡಿಯೊಂದರಲ್ಲಿ ಕೊಟ್ಟು ಪಾಲಿಶ್ ಚಕ್ರಕ್ಕೆ ಹಿಡಿಸಿದರು. ಕನ್ನಡಿಯಂತೆ ಹೊಳೆಯುತ್ತಿತ್ತು. ನಾನೂ ಜೊತೆಗೆ ಹೋಗಿದ್ದೆ. ವ್ಯಾಪಾರಿ ಕಣ್ಣಿಗೆ ಲೂಪ್ ಎಂಬ ಪುಟ್ಟ ಭೂತಗನ್ನಡಿ ಸಿಕ್ಕಿಸಿಕೊಂಡು ಕೇಸಿನ ಹಿಂಬದಿಯನ್ನು ಬೆಳಕಿಗೆ ಹಿಡಿದ. ಚಿನ್ನದ ಶುದ್ಧತೆಯ ಮುದ್ರೆ ಇರಬೇಕಾದ ಕಡೆ ಮಸುಕಾದ ತಗ್ಗೊಂದು ಮಾತ್ರ ಉಳಿದಿತ್ತು, ಅಂಕಿ ಓದಲು ಬರುತ್ತಿರಲಿಲ್ಲ. ಆಮೇಲೆ ವಾಚನ್ನು ಓರೆಯಾಗಿ ತಿರುಗಿಸಿ, ಪಟ್ಟಿಯನ್ನು ಹಿಡಿಯುವ ನಾಲ್ಕು ಕೊಂಬುಗಳ ಮೇಲೆ ಹೆಬ್ಬೆರಳು ಆಡಿಸಿದ. ಚೂಪಾಗಿ ಇಳಿಯಬೇಕಿದ್ದ ಅಂಚುಗಳು ಬಳಸಿದ ಸಾಬೂನಿನ ಬಿಲ್ಲೆಯಂತೆ ಗುಂಡಗಾಗಿದ್ದವು. ಏನೂ ಹೇಳದೆ ವಾಚನ್ನು ಮೆತ್ತನೆಯ ಬಟ್ಟೆಯ ಮೇಲಿಟ್ಟು ಚಿನ್ನದ ತೂಕದ ಬೆಲೆ ಹೇಳಿದ.

ಪಾಲಿಶ್ ಎಂದರೆ ಗೀರನ್ನು ತುಂಬುವುದೆಂದು ಹಲವರು ತಿಳಿದಿದ್ದಾರೆ. ಗೀರಿನ ಆಳದವರೆಗೆ ಸುತ್ತಲಿನ ಲೋಹವನ್ನೆಲ್ಲ ಕೆರೆದು ತೆಗೆಯುವುದೇ ಪಾಲಿಶ್. ಒಳ್ಳೆಯ ವಾಚಿನ ಕೇಸಿನಲ್ಲಿ ಸಣ್ಣ ಗೆರೆ ಎಳೆದಂತಿರುವ ಮಂದ ಮೈ, ಕನ್ನಡಿಯಂಥ ಮೈ ಎಂದು ಎರಡು ಬಗೆ ಇರುತ್ತವೆ. ಎರಡೂ ಸೇರುವ ಗಡಿ ಬ್ಲೇಡಿನಲ್ಲಿ ಕೊಯ್ದಂತೆ ಇರಬೇಕು. ಔಡೆಮಾರ್ ಪಿಗೆ ಕಂಪನಿಗಾಗಿ ಜೆರಾಲ್ಡ್ ಜೆಂಟಾ ರೂಪಿಸಿದ, 1972ರಲ್ಲಿ ಬಂದ ರಾಯಲ್ ಓಕ್ ಉಕ್ಕಿನ ವಾಚಾದರೂ ಚಿನ್ನದ ಎಷ್ಟೋ ವಾಚುಗಳಿಗಿಂತ ದುಬಾರಿಯಾಗಿತ್ತು. ಅದರ ಎಂಟು ಮೂಲೆಯ ಅಂಚುಪಟ್ಟಿಯಲ್ಲಿ ಈ ಎರಡು ಮೈಗಳ ಕೂಡಿಕೆಗೇ ಕಾಸು. ಚಕ್ರಕ್ಕೆ ಹಿಡಿದರೆ ಆ ಗಡಿ ಕರಗಿ, ಎಂಟು ಮೂಲೆಗಳೂ ಮಂಕಾಗುತ್ತವೆ. ಹೋದ ಲೋಹವನ್ನು ಲೇಸರ್ ಬೆಸುಗೆಯಿಂದ ತುಂಬಿಸಿ ಮತ್ತೆ ಆಕಾರ ಕೊಡುವ ಕುಶಲಿಗಳಿದ್ದಾರೆ, ಆದರೆ ಅದು ದೊಡ್ಡ ಖರ್ಚಿನ ಕೆಲಸ. ಅದನ್ನು ಮಾಡಿಸಿದ್ದನ್ನೂ ಕೊಳ್ಳುವವನಿಗೆ ಹೇಳಲೇಬೇಕು.

ನಿಮ್ಮ ವಾಚ್ ಹಿಂದೆ ಪಾಲಿಶ್ ಆಗಿದೆಯೇ ಎಂದು ನೋಡಲು ಹಗಲು ಬೆಳಕಿನಲ್ಲಿ ಕಿಟಕಿಯ ಬಳಿ ನಿಲ್ಲಿ. ಒಂದು ಕೊಂಬಿನ ಅಂಚಿನ ಮೇಲೆ ಬೆಳಕಿನ ಗೆರೆ ಬೀಳುವಂತೆ ವಾಚನ್ನು ಮೆಲ್ಲನೆ ಓರೆಮಾಡಿ. ಗೆರೆ ನೇರವಾಗಿ, ಮೊದಲಿನಿಂದ ಕೊನೆಯವರೆಗೆ ಒಂದೇ ಅಗಲ ಇದ್ದರೆ ಒಳ್ಳೆಯದು. ಅಲೆಯಂತೆ ಬಳುಕಿದರೆ, ನಡುವೆ ಕರಗಿ ಹೋದರೆ ಯಾರೋ ಉಜ್ಜಿದ್ದಾರೆ. ನಾಲ್ಕು ಕೊಂಬುಗಳನ್ನೂ ಒಂದಕ್ಕೊಂದು ಹೋಲಿಸಿ, ಕೈಯಲ್ಲಿ ಹಿಡಿದು ಮಾಡುವ ಪಾಲಿಶ್ ನಾಲ್ಕನ್ನೂ ಸಮನಾಗಿ ಸವೆಸುವುದು ಅಪರೂಪ. ಕೀಲಿಯ ಗುಂಡಿಯ ಎರಡೂ ಕಡೆ ಕಾವಲಿನಂತಿರುವ ಲೋಹದ ಉಬ್ಬುಗಳು ಒಂದು ದಪ್ಪ, ಒಂದು ತೆಳು ಆಗಿವೆಯೇ ನೋಡಿ. ಕೊಂಬಿನಲ್ಲಿ ರಂಧ್ರಗಳಿದ್ದರೆ ಅವುಗಳ ಬಾಯಿ ತಟ್ಟೆಯಂತೆ ಒಳಗೆ ಇಳಿದಿದೆಯೇ ನೋಡಿ.

ಅಂಗಡಿಯಲ್ಲಿ ಸಿಗುವ ‘ಹೊಳಪಿನ ಬಟ್ಟೆ’ಯನ್ನು ಮನೆಗೆ ತರಲೇಬೇಡಿ. ಲೋಹ ಕೆರೆಯುವ ಪುಡಿ ಸವರಿದ ಬಟ್ಟೆ ಅದು, ಮಂದ ಮೈಯ ಮೇಲೆ ಹತ್ತು ಸಲ ಎಳೆದರೆ ಸೂಕ್ಷ್ಮ ಗೆರೆಗಳೆಲ್ಲ ಮಾಯ. ಟೂತ್‌ಪೇಸ್ಟಿನ ಉಪಾಯವೂ ಬೇಡ. ಹಳೆಯ ವಾಚುಗಳ ಪ್ಲಾಸ್ಟಿಕ್ ಗಾಜಿಗೆ ಮಾತ್ರ ಒಂದು ವಿನಾಯಿತಿ. ಅದಕ್ಕೆಂದೇ ಇರುವ ಪೇಸ್ಟನ್ನು ಹತ್ತಿಬಟ್ಟೆಯಲ್ಲಿ ಹಚ್ಚಿ ಮೃದುವಾಗಿ ತಿಕ್ಕಿದರೆ ಸಣ್ಣ ಗೀರು ಹೋಗುತ್ತದೆ, ಅದರಿಂದ ಬೆಲೆಗೆ ನಷ್ಟವಿಲ್ಲ. ನೀಲಮಣಿ ಗಾಜಿನ ಮೇಲೆ ಆ ಪೇಸ್ಟಿನಿಂದ ಏನೂ ಆಗುವುದಿಲ್ಲ.

ಕೊಳೆಯನ್ನು ತೆಗೆಯಬಹುದು, ತೆಗೆಯಲೇಬೇಕು. ರಿಪೇರಿಯವರ ಕೈಯಲ್ಲಿ ಚೈನನ್ನು ಕೇಸಿನಿಂದ ಬಿಡಿಸಿಕೊಂಡು, ಉಗುರುಬೆಚ್ಚಗಿನ ನೀರಿನಲ್ಲಿ ಒಂದೆರಡು ಹನಿ ಪಾತ್ರೆ ತೊಳೆಯುವ ದ್ರವ ಹಾಕಿ, ಮಗುವಿನ ಮೆತ್ತನೆಯ ಹಲ್ಲುಜ್ಜುವ ಬ್ರಶ್ಶಿನಿಂದ ಕೊಂಡಿಗಳ ಸಂದು ತೊಳೆದರೆ ಸಾಕು. ಕೇಸನ್ನು ಒದ್ದೆ ಬಟ್ಟೆಯಿಂದ ಒರೆಸಿ. ಹಳೆಯ ವಾಚಿನ ಮೇಲೆ ನೀರು ತಡೆಯುತ್ತದೆ ಎಂದು ಬರೆದಿದ್ದರೂ ನಂಬಿ ಮುಳುಗಿಸಬೇಡಿ. ಒಳಗಿನ ರಬ್ಬರ್ ಬಳೆಗೆ ವಯಸ್ಸಾಗಿರುತ್ತದೆ.

ಡಯಲ್‌ನ ವಿಷಯದಲ್ಲಿ ನನ್ನ ಮಾತು ಇನ್ನೂ ಗಟ್ಟಿ. ಬಣ್ಣ ಮಾಸಿದ ಡಯಲ್‌ಗೆ ಹೊಸ ಬಣ್ಣ ಬಳಿಸಬೇಡಿ. ಕತ್ತಲಲ್ಲಿ ಹೊಳೆಯುವ ಚುಕ್ಕೆಗಳು ಕೆನೆ ಬಣ್ಣಕ್ಕೆ ತಿರುಗಿದ್ದರೆ ಹಾಗೆಯೇ ಇರಲಿ. ಡಯಲ್‌ನ ಕೆಳ ಅಂಚಿನಲ್ಲಿ ‘ಸ್ವಿಸ್’ ಪದದ ಅಕ್ಕಪಕ್ಕ ‘ಟಿ’ ಅಕ್ಷರವಿದ್ದರೆ ಆ ಚುಕ್ಕೆಗಳಲ್ಲಿರುವುದು ಟ್ರಿಟಿಯಮ್. ಅದರ ಅರ್ಧಾಯುಷ್ಯ ಹನ್ನೆರಡು ವರ್ಷ ಚಿಲ್ಲರೆ, ಆದ್ದರಿಂದ ಹಳೆಯ ವಾಚ್ ಹೊಳೆಯದಿರುವುದೇ ಸಹಜ. ಮುಳ್ಳುಗಳು ಕೆನೆ ಬಣ್ಣವಿದ್ದು ಡಯಲ್ ಮಾತ್ರ ಹಸಿರಾಗಿ ಫಳಫಳಿಸಿದರೆ ಡಯಲ್‌ಗೆ ಕೈ ಹಾಕಿದ್ದಾರೆಂದು ಜಾಣ ಗಿರಾಕಿ ಎದ್ದು ಹೋಗುತ್ತಾನೆ. ಅದಕ್ಕೂ ಹಿಂದಿನ ಕಾಲದ ವಾಚುಗಳಲ್ಲಿ ರೇಡಿಯಮ್ ಇರುತ್ತದೆ. ಅದನ್ನು ಕೆರೆಯುವುದು ಬೆಲೆಗಷ್ಟೇ ಅಲ್ಲ, ಆರೋಗ್ಯಕ್ಕೂ ಕೆಡುಕು.

ಕೇಸಿನ ಹಿಂದೆ ಹೆಸರು ಕೊರೆಸಿದ್ದರೆ ಬೆಲೆ ಸಾಮಾನ್ಯವಾಗಿ ಇಳಿಯುತ್ತದೆ, ಆದರೂ ಅಳಿಸಬೇಡಿ. ನಟ ಪಾಲ್ ನ್ಯೂಮನ್ ಕಟ್ಟುತ್ತಿದ್ದ ರೋಲೆಕ್ಸ್ ಡೇಟೋನಾದ ಹಿಂಬದಿಯಲ್ಲಿ ‘ಜೋಪಾನವಾಗಿ ಓಡಿಸು’ ಎಂಬರ್ಥದ ಸಾಲನ್ನು ಹೆಂಡತಿ ಕೊರೆಸಿದ್ದರು. 2017ರ ಹರಾಜಿನಲ್ಲಿ ಅದು ಒಂದು ಕೋಟಿ 77 ಲಕ್ಷ ಡಾಲರ್‌ಗೂ ಹೆಚ್ಚು ಬೆಲೆಗೆ ಹೋಯಿತು. ಎಲ್ಲ ಬರಹಕ್ಕೂ ಆ ಅದೃಷ್ಟವಿಲ್ಲ. ಆದರೆ ಬರಹವನ್ನು ಅಳಿಸಲು ಲೋಹವನ್ನು ತೆಳುವಾಗಿಸಿದರೆ ಇದ್ದ ಕಥೆಯೂ ಹೋಗುತ್ತದೆ, ಕೇಸೂ ಹಾಳಾಗುತ್ತದೆ. ಹೊರಗಿನವರಿಂದ ವಜ್ರ ಕೂರಿಸಿದ ವಾಚುಗಳಂತೂ ಇನ್ನೂ ಕಷ್ಟ. ಕೂರಿಸಲು ಕೊಟ್ಟ ಹಣ ಬರುವುದಿಲ್ಲ, ಕಂಪನಿಯ ಮೂಲ ಭಾಗ ಹೋದ ಲೆಕ್ಕಕ್ಕೆ ಬೆಲೆಯನ್ನೂ ಕಡಿಯುತ್ತಾರೆ.

ಹಂತ 4: ಯಂತ್ರದ ನಾಡಿ ಹಿಡಿಸಿ

ರಿಪೇರಿಯವರ ಬಳಿ ಟೈಮ್‌ಗ್ರಾಫರ್ ಎಂಬ ಸಣ್ಣ ಯಂತ್ರವಿರುತ್ತದೆ. ವಾಚನ್ನು ಅದರ ಮೈಕಿನ ಮೇಲಿಟ್ಟರೆ ದಿನಕ್ಕೆ ಎಷ್ಟು ಸೆಕೆಂಡು ಮುಂದೆ ಅಥವಾ ಹಿಂದೆ ಓಡುತ್ತಿದೆ, ಒಳಗಿನ ಚಕ್ರ ಎಷ್ಟು ಡಿಗ್ರಿ ತೂಗುತ್ತಿದೆ ಎಂಬುದು ತೆರೆಯ ಮೇಲೆ ಬರುತ್ತದೆ. ಕೀಲಿ ಪೂರ್ತಿ ಕೊಟ್ಟ, ಆರೋಗ್ಯವಂತ ವಾಚಿನಲ್ಲಿ ತೂಗು ಸಾಮಾನ್ಯವಾಗಿ 270ರಿಂದ 310 ಡಿಗ್ರಿಯೊಳಗಿರುತ್ತದೆ. ಕರಾರುವಾಕ್ಕಾಗಿ ಓಡುವ ವಾಚಿಗೆ ಸಿಗುವ ಸ್ವಿಸ್ ಕ್ರೋನೋಮೀಟರ್ ಪ್ರಮಾಣಪತ್ರಕ್ಕೆ ಬೇಕಾದ ಮಿತಿ ದಿನಕ್ಕೆ 4 ಸೆಕೆಂಡು ಹಿಂದೆ, 6 ಸೆಕೆಂಡು ಮುಂದೆ. ತೆರೆಯ ಫೋಟೊ ತೆಗೆದಿಟ್ಟುಕೊಳ್ಳಿ.

ವಾಚ್ ದಿನಕ್ಕೆ ಹಲವು ನಿಮಿಷ ಮುಂದೆ ಓಡುತ್ತಿದ್ದರೆ ಗಾಬರಿಪಡಬೇಡಿ. ಸ್ಪೀಕರ್ ಅಥವಾ ಮ್ಯಾಗ್ನೆಟ್ ಇರುವ ಫೋನ್ ಕವರಿನ ಬಳಿ ಇಟ್ಟು ಒಳಗಿನ ಸ್ಪ್ರಿಂಗ್‌ಗೆ ಕಾಂತತ್ವ ಹಿಡಿದಿರಬಹುದು. ಅದನ್ನು ಬಿಡಿಸುವುದು ಕ್ಷಣದ ಕೆಲಸ. ಇದನ್ನೇ ನೆಪ ಮಾಡಿ ಪೂರ್ತಿ ಸರ್ವೀಸ್ ಹೇಳುವವರಿಂದ ದೂರವಿರಿ. ನಿಜಕ್ಕೂ ಸರ್ವೀಸ್ ಬೇಕಿದ್ದರೆ, ಮಾರುವ ಮುನ್ನ ಮಾಡಿಸುವುದು ನನಗೆ ಒಪ್ಪಿಗೆಯಿಲ್ಲ. ಕೊಳ್ಳುವ ವ್ಯಾಪಾರಿ ತನ್ನ ಕಡೆಯವರಿಂದ ಮತ್ತೆ ಮಾಡಿಸುತ್ತಾನೆ, ನಿಮ್ಮ ಖರ್ಚು ಬೆಲೆಯಲ್ಲಿ ಹಿಂದಿರುಗುವುದು ಕಡಿಮೆ. ಮಾಡಿಸಲೇಬೇಕಾದರೆ ‘ಪಾಲಿಶ್ ಬೇಡ, ಡಯಲ್ ಮತ್ತು ಮುಳ್ಳು ಬದಲಿಸಬಾರದು, ತೆಗೆದ ಭಾಗಗಳನ್ನು ಹಿಂದಿರುಗಿಸಬೇಕು’ ಎಂದು ರಸೀದಿಯಲ್ಲಿ ಬರೆಸಿಕೊಳ್ಳಿ. ಬಾಯಿಮಾತು ಸಾಲದು.

ಹಂತ 5: ಬೆಲೆ ಕಟ್ಟಿ

ಜಾಹೀರಾತಿನಲ್ಲಿ ಕೇಳಿದ ಬೆಲೆ ಬೇರೆ, ಕೈಬದಲಾದ ಬೆಲೆ ಬೇರೆ. ತಿಂಗಳುಗಟ್ಟಲೆ ಮಾರಾಟವಾಗದೆ ನಿಂತ ವಾಚಿನ ಬೆಲೆ ನೋಡಿ ಕನಸು ಕಟ್ಟಬೇಡಿ. ಕ್ರಿಸ್ಟೀಸ್, ಸಾದಬೀಸ್, ಫಿಲಿಪ್ಸ್‌ನಂಥ ಹರಾಜು ಸಂಸ್ಥೆಗಳು ಮಾರಾಟದ ಬೆಲೆ ಪ್ರಕಟಿಸುತ್ತವೆ, ಅದು ಗಟ್ಟಿ ಆಧಾರ. ಆದರೆ ಆ ಅಂಕಿಯಲ್ಲಿ ಕೊಂಡವನು ಸಂಸ್ಥೆಗೆ ತೆತ್ತ ಶುಲ್ಕವೂ ಸೇರಿರುತ್ತದೆ. ಶುಲ್ಕ ನೂರಕ್ಕೆ 26 ಎಂದಿಟ್ಟುಕೊಂಡರೆ, ಪ್ರಕಟವಾದ 126ರಲ್ಲಿ ಸುತ್ತಿಗೆ ಬಿದ್ದದ್ದು, ಅಂದರೆ ಹರಾಜಿನ ಕೂಗು ನಿಂತದ್ದು, 100ಕ್ಕೆ. ಮಾರಿದವನ ಕಮಿಷನ್ ಆ ನೂರರಲ್ಲಿ ಮತ್ತೆ ಕಡಿತ.

ಬೆಲೆಯ ತಾರೀಖನ್ನೂ ನೋಡಿ. ಪಾಟೆಕ್ ನಾಟಿಲಸ್ 5711 ಉಕ್ಕಿನ ವಾಚಿನ ತಯಾರಿಕೆ ನಿಲ್ಲುವ ಸುದ್ದಿ 2021ರಲ್ಲಿ ಬಂತು. ಅದೇ ಡಿಸೆಂಬರಿನಲ್ಲಿ ಆಭರಣ ಸಂಸ್ಥೆ ಟಿಫನಿಯ ನೀಲಿ ಬಣ್ಣದ ಡಯಲ್‌ನ ಒಂದು 5711 ಹರಾಜಿನಲ್ಲಿ 65 ಲಕ್ಷ ಡಾಲರ್ ದಾಟಿತು. 2022ರ ಆರಂಭದಲ್ಲಿ ಸೆಕೆಂಡ್ ಹ್ಯಾಂಡ್ ಪೇಟೆ ಶಿಖರ ಮುಟ್ಟಿ, ಆಮೇಲೆ ಜಾರಿತು. ಆಗಿನ ಬೆಲೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಇಂದು ವಾಚ್ ಹಿಡಿದು ಕೂತವರು ಇದ್ದಾರೆ. ಕಳೆದ ಆರು ತಿಂಗಳ ಮಾರಾಟಗಳನ್ನಷ್ಟೇ ನೋಡಿ. ಅದೇ ರೆಫರೆನ್ಸ್, ಅದೇ ಡಯಲ್, ಕಾಗದಪತ್ರ ಇದ್ದದ್ದು ಮತ್ತು ಇಲ್ಲದ್ದು ಎಂದು ಬೇರೆ ಬೇರೆಯಾಗಿ ಪಟ್ಟಿ ಮಾಡಿ, ಅತಿ ಹೆಚ್ಚಿನದನ್ನೂ ಅತಿ ಕಡಿಮೆಯದನ್ನೂ ಬಿಟ್ಟು ನಡುವಿನದನ್ನು ಹಿಡಿಯಿರಿ.

ಹಂತ 6: ಯಾರಿಗೆ ಮಾರಬೇಕು

ವ್ಯಾಪಾರಿಗೆ ನೇರವಾಗಿ ಕೊಟ್ಟರೆ ಹಣ ಅಂದೇ ಕೈಗೆ ಬರುತ್ತದೆ, ಆದರೆ ಅವನ ಲಾಭ, ಸರ್ವೀಸ್, ಅವನು ಕೊಡುವ ವಾರಂಟಿ ಎಲ್ಲವೂ ನಿಮ್ಮ ಬೆಲೆಯಿಂದಲೇ ಹೋಗುತ್ತವೆ. ಅವನ ಅಂಗಡಿಯಲ್ಲಿಟ್ಟು, ಮಾರಾಟವಾದ ಮೇಲೆ ಕಮಿಷನ್ ಕೊಡುವ ದಾರಿ ನನಗೆ ಹೆಚ್ಚು ಇಷ್ಟ. ಅವಸರವಿಲ್ಲದವರು ಇದನ್ನೇ ಆರಿಸಿಕೊಳ್ಳಿ, ವಿಮೆ ಯಾರ ಹೊಣೆ ಎಂಬುದನ್ನು ಮಾತ್ರ ಬರಹದಲ್ಲಿ ಪಡೆಯಿರಿ. ಹರಾಜು ಅಪರೂಪದ ವಾಚುಗಳಿಗೆ. ಒಬ್ಬನೇ ವ್ಯಾಪಾರಿಯ ಮಾತಿಗೆ ಒಪ್ಪಬೇಡಿ, ಕನಿಷ್ಠ ಮೂವರಿಗೆ ತೋರಿಸಿ. ಎರಡನೆಯವನಿಗೆ ಮೊದಲನೆಯವನು ಹೇಳಿದ ಬೆಲೆ ಹೇಳಬೇಡಿ.

ಹಂತ 7: ಕೊಡುವ ದಿನ

ಒಂದೊಂದು ವಾಚಿಗೂ ಬೇರೆಯಾಗಿರುವ ಸೀರಿಯಲ್ ನಂಬರನ್ನು ಜಾಹೀರಾತಿನ ಫೋಟೊದಲ್ಲಿ ಕಾಣಿಸದಂತೆ ಮರೆಮಾಡಿ, ನಕಲಿ ಮಾಡುವವರು ಅದನ್ನೇ ಕಾಯುತ್ತಿರುತ್ತಾರೆ. ಗೀರುಗಳನ್ನು ಮಾತ್ರ ಮರೆಮಾಡಬೇಡಿ, ಪ್ರತಿಯೊಂದನ್ನೂ ಹತ್ತಿರದಿಂದ ತೆಗೆದು ತೋರಿಸಿ. ಭೇಟಿ ಬ್ಯಾಂಕಿನೊಳಗೇ ಆಗಲಿ. ಹಣ ನಿಮ್ಮ ಖಾತೆಗೆ ಬಂದದ್ದನ್ನು ಬ್ಯಾಂಕಿನವರಿಂದಲೇ ಖಚಿತಪಡಿಸಿಕೊಳ್ಳಿ, ಮೊಬೈಲ್ ತೋರಿಸಿ ‘ಕಳಿಸಿದ್ದೇನೆ’ ಎನ್ನುವುದನ್ನು ಒಪ್ಪಬೇಡಿ. ರೆಫರೆನ್ಸ್, ಸೀರಿಯಲ್ ನಂಬರ್, ಜೊತೆಗೆ ಕೊಟ್ಟ ವಸ್ತುಗಳು, ವಾಚಿನ ಸ್ಥಿತಿ, ಬೆಲೆ, ದಿನಾಂಕ ಬರೆದು ಇಬ್ಬರೂ ಸಹಿ ಹಾಕಿ ಒಂದೊಂದು ಪ್ರತಿ ಇಟ್ಟುಕೊಳ್ಳಿ. ಕೀಲಿಯ ಗುಂಡಿ ತಿರುಪಿನದಾದರೆ ಅದನ್ನು ಪೂರ್ತಿ ಬಿಗಿಮಾಡಿ, ತೆಗೆಸಿದ ಕೊಂಡಿಗಳ ಪೊಟ್ಟಣ ಡಬ್ಬಿಯಲ್ಲಿದೆಯೇ ಎಂದು ಇನ್ನೊಮ್ಮೆ ನೋಡಿ ಕೊಡಿ.