ಹಳೆ ಜಮಖಾನ ಮಡಚಿಡಬೇಡಿ

ಅಜ್ಜಿ ಕಾಲದ ನವಲಗುಂದ ಜಮಖಾನ ಸಿಕ್ಕಿತೆಂದು ಈಗಿನವರು ಕುಣಿದಾಡುತ್ತಾರೆ. ಆಮೇಲೆ ಅದನ್ನೇ ನಾಲ್ಕು ಮಡಿಕೆ ಮಾಡಿ, ಪ್ಲಾಸ್ಟಿಕ್ ಚೀಲಕ್ಕೆ ತುರುಕಿ ಅಟ್ಟಕ್ಕೆ ಎಸೆಯುತ್ತಾರೆ. ನೋಡಿದರೆ ಮೈ ಉರಿಯುತ್ತದೆ! ಮಡಿಕೆ ಬಿದ್ದಲ್ಲೇ ನೂಲು ಸವೆದು ಕಡಿಯುತ್ತದೆ, ಚೀಲದೊಳಗೆ ತೇವ ಕೂತು ಬೂಷ್ಟು ಹಿಡಿಯುತ್ತದೆ.

ನೆಟ್ಟಗೆ ನಿಲ್ಲಿಸಿದ ಮಗ್ಗದ ಮುಂದೆ ಹೆಂಗಸರು ಕೂತು, ಹತ್ತಿ ನೂಲನ್ನು ಬಣ್ಣಬಣ್ಣಕ್ಕೆ ಕೈಯಿಂದಲೇ ತೂರಿಸಿ, ಬಾಚಣಿಗೆಯಂಥ ಪಂಜದಿಂದ ಬಡಿದು ಕೂರಿಸಿದ ನೇಯ್ಗೆ ಅದು. ಕೊಳ್ಳುವ ಮುಂಚೆ ತಿರುವಿ ನೋಡಿ. ನವಿಲಾಗಲಿ ಪಗಡೆ ಹಾಸಾಗಲಿ, ಎರಡೂ ಮಗ್ಗುಲಿಗೆ ಚಿತ್ರ ಅಷ್ಟೇ ಸ್ಪಷ್ಟವಾಗಿರಬೇಕು. ಹಿಂಬದಿ ಬೆಳ್ಳಗಿದ್ದರೆ ಅದು ಅಚ್ಚು ಒತ್ತಿದ ಮಾಲು. ಮೇಲ್ಮೈ ಬಿಸಿಲಿಗೆ ಮಾಸಿ ಅಡಿಮೈ ಗಾಢವಾಗಿದ್ದರೆ ಹೆದರಬೇಡಿ, ಬಳಸಿದ ಮನೆಯ ಗುರುತು ಅದು. ಅಂಚು ಚೂರು ಸೊಟ್ಟಗಿದ್ದರೂ ಬಿಡಬೇಡಿ.

ಇನ್ನು ಎತ್ತಿಡುವುದು. ಒಣಹವೆಯ ದಿನ ನೋಡಿ, ನೆಲದ ಮೇಲೆ ಬೋರಲು ಹಾಸಿ ಅಂಗೈಯಿಂದ ಮೆಲ್ಲಗೆ ತಟ್ಟಿ. ಹಗ್ಗಕ್ಕೆ ನೇತುಹಾಕಿ ಕೋಲಿನಲ್ಲಿ ಬಡಿಯುವವರು ಅದರ ವೈರಿಗಳು. ಉದುರಿದ ಧೂಳನ್ನು ಮೆತ್ತನೆ ಪೊರಕೆಯಿಂದ ಅಡ್ಡನೂಲಿನ ಜಾಡಿನಲ್ಲೇ ಗುಡಿಸಿ. ನೆರಳಲ್ಲಿ ಒಂದಷ್ಟು ಹೊತ್ತು ಗಾಳಿಗೆ ಬಿಡಿ. ತೋಳಿನಷ್ಟು ದಪ್ಪದ ಬಿದಿರಿಗೆ ಹಳೆ ಪಂಚೆ ಸುತ್ತಿ, ಕುಚ್ಚಿನ ತುದಿಯಿಂದ ಶುರುಮಾಡಿ ಸುರುಳಿ ಸುತ್ತುತ್ತಾ ಹೋಗಿ. ಎಳೆದು ಬಿಗಿಯಬಾರದು, ಸುಕ್ಕೂ ಬೀಳಬಾರದು. ಪದರ ಪದರದ ನಡುವೆ ಗಂಜಿ ಹೋದ ಮೆತ್ತನೆ ಹತ್ತಿ ಸೀರೆ ಬರಲಿ. ನಮ್ಮತ್ತೆ ಇದಕ್ಕೆಂದೇ ಒಂದು ಬಿಳಿ ಸೀರೆ ತೆಗೆದಿಟ್ಟಿದ್ದರು, ಮದುವೆಮನೆಯಿಂದ ಜಮಖಾನ ವಾಪಸ್ಸು ಬಂದ ರಾತ್ರಿಯೇ, ಎಷ್ಟು ದಣಿದಿದ್ದರೂ, ದೀಪದ ಬುಡದಲ್ಲಿ ಕೂತು ಕಲೆ ಹುಡುಕುತ್ತಿದ್ದರು. ಕಟ್ಟಲು ಅಗಲವಾದ ಬಟ್ಟೆಪಟ್ಟಿ ಸಾಕು, ಸುತಳಿ ಬೇಡ, ಅದು ಕೊರೆಯುತ್ತದೆ. ಒಣಗಿದ ಬೇವಿನೆಲೆಯನ್ನು ಚೀಲದಲ್ಲಿ ಹಾಕಿ ಪಕ್ಕಕ್ಕಿಡಿ, ನೇಯ್ಗೆಗೆ ತಾಗಿದರೆ ಕಲೆಯಾಗುತ್ತದೆ. ರೇಷ್ಮೆ ಸೀರೆಗೂ ಇದೇ ಮಾತು: ಆಗಾಗ ಮಡಿಕೆ ಬದಲಿಸದೆ ಜರಿ ಸೀಳಿತೆಂದು ಅತ್ತರೆ ಯಾರೇನು ಮಾಡಲಾದೀತು?

ತೊಳೆಯುವ ಆತುರ ಬೇಡ. ಬಿಳಿ ಬಟ್ಟೆ ತಣ್ಣೀರಲ್ಲಿ ಅದ್ದಿ ಹಿಂಡಿ, ಒಂದೊಂದು ಬಣ್ಣದ ಮೇಲೂ ಒತ್ತಿ ಹಿಡಿಯಿರಿ, ಅದರಲ್ಲೂ ಕೆಂಪಿನ ಮೇಲೆ. ಬಟ್ಟೆಗೆ ಬಣ್ಣ ಹತ್ತಿತೋ, ನೀರು ಮುಟ್ಟಿಸಬೇಡಿ. ವಾಷಿಂಗ್ ಮಷೀನಿನ ಹೆಸರಂತೂ ನನ್ನೆದುರು ಎತ್ತಬೇಡಿ. ಮಳೆಗಾಲ ಮುಗಿದ ಮೇಲೆ ಸುರುಳಿ ಬಿಚ್ಚಿ, ಗಾಳಿಯಾಡಿಸಿ, ಈ ಸಲ ಇನ್ನೊಂದು ತುದಿಯಿಂದ ಸುತ್ತಿಡಿ.