ಸಿನ್‌ಗ್ಯಾಸ್‌ನಿಂದ ಮೆಥನಾಲ್: ತಾಮ್ರ-ಸತುವಿನ ಕ್ಯಾಟಲಿಸ್ಟ್ ನಾವು ಮಾಡುವ ರೀತಿ

ಸಿನ್‌ಗ್ಯಾಸ್ ಎಂದರೆ ಹೈಡ್ರೋಜನ್ ಮತ್ತು ಕಾರ್ಬನ್ ಮಾನಾಕ್ಸೈಡ್ ಬೆರಕೆ. ಅದು ಮೆಥನಾಲ್ ಆಗುವುದಕ್ಕೆ ವೇಗ ಕೊಡುವ ವಸ್ತು ಈ ಕ್ಯಾಟಲಿಸ್ಟ್. ಅದರಲ್ಲಿ ತಾಮ್ರ, ಸತು, ಅಲ್ಯೂಮಿನಿಯಂ 60:30:10 ಮೋಲ್ ಅನುಪಾತದಲ್ಲಿರುತ್ತವೆ. 1966ರಲ್ಲಿ ಬ್ರಿಟನ್ನಿನ ರಾಸಾಯನಿಕ ಕಂಪನಿ ಐಸಿಐ ಕಡಿಮೆ ಒತ್ತಡದ ಘಟಕ ಶುರುಮಾಡಿದಾಗಿನಿಂದ ಮೂಲ ಪಾಕ ಹೆಚ್ಚು ಬದಲಾಗಿಲ್ಲ. ತುಮಕೂರು ಕಡೆ ಇದನ್ನು ಮಾಡುವವರಿಗೆ ಮೊದಲು ಕೈಕೊಡುವುದು ನೀರು. ಬೋರ್‌ವೆಲ್ ನೀರಿನ ಕ್ಲೋರೈಡ್, ದ್ರಾವಣದಿಂದ ತಳಕ್ಕಿಳಿಯುವ ಗಸಿಯಲ್ಲಿ ಉಳಿದರೆ ತಾಮ್ರದ ಕಣಗಳು ಬೇಗ ಒಂದಕ್ಕೊಂದು ಕೂಡಿಕೊಂಡು ದಪ್ಪವಾಗುತ್ತವೆ, ಕೆಲಸ ಮಾಡುವ ಮೇಲ್ಮೈ ಕಳೆದುಹೋಗುತ್ತದೆ. ಊರಿನ ಶುದ್ಧ ನೀರಿನ ಘಟಕದ ಕ್ಯಾನ್ ನೀರೂ ಸಾಲದು, ಅದರಲ್ಲೂ ಲವಣ ಉಳಿದಿರುತ್ತದೆ. ಭಟ್ಟಿ ಇಳಿಸಿದ ನೀರೇ ಬೇಕು. ಬ್ಯಾಟರಿ ನೀರು ತಂದರೆ ಒಂದೆರಡು ಹನಿ ಸಿಲ್ವರ್ ನೈಟ್ರೇಟ್ ಹಾಕಿ ನೋಡಿ. ಹಾಲಿನಂತೆ ಬೆಳ್ಳಗಾದರೆ ಆ ಕ್ಯಾನ್ ವಾಪಸ್.

ಒಂದು ಲೀಟರ್ ಲೋಹದ ದ್ರಾವಣಕ್ಕೆ ಕಾಪರ್ ನೈಟ್ರೇಟ್ ಟ್ರೈಹೈಡ್ರೇಟ್ 145 ಗ್ರಾಂ, ಜಿಂಕ್ ನೈಟ್ರೇಟ್ ಹೆಕ್ಸಾಹೈಡ್ರೇಟ್ 89 ಗ್ರಾಂ, ಅಲ್ಯೂಮಿನಿಯಂ ನೈಟ್ರೇಟ್ ನೋನಾಹೈಡ್ರೇಟ್ 37.5 ಗ್ರಾಂ. ಕಾಪರ್ ನೈಟ್ರೇಟ್ ಗಾಳಿಯ ತೇವ ಎಳೆದುಕೊಳ್ಳುತ್ತದೆ, ಹಾಗಾಗಿ ಮಳೆಗಾಲದಲ್ಲಿ ತೆರೆದಿಟ್ಟ ಬಾಟಲಿಯ ತೂಕ ನಂಬಬೇಡಿ. ಇನ್ನೊಂದು ಪಾತ್ರೆಯಲ್ಲಿ ನೀರಿಲ್ಲದ ಸೋಡಿಯಂ ಕಾರ್ಬೊನೇಟ್ 127 ಗ್ರಾಂ ಕರಗಿಸಿ 1.2 ಲೀಟರ್ ಮಾಡಿ. ಲ್ಯಾಬ್ ದರ್ಜೆಯದೇ ಇರಲಿ. ಅಂಗಡಿಯ ವಾಷಿಂಗ್ ಸೋಡಾದಲ್ಲಿ ಉಪ್ಪು ಬೆರೆತಿರುತ್ತದೆ, ಅಂದರೆ ಮತ್ತೆ ಅದೇ ಕ್ಲೋರೈಡ್.

ಎರಡೂ ದ್ರಾವಣ 65 ಡಿಗ್ರಿಗೆ ಬಿಸಿ ಮಾಡಿ, ಅಷ್ಟೇ ಬಿಸಿಯಿರುವ 300 ಮಿ.ಲೀ. ನೀರಿಗೆ ಒಟ್ಟೊಟ್ಟಿಗೆ ಹನಿಸುತ್ತೇವೆ. ಲೋಹದ ದ್ರಾವಣದ ಪಂಪು ನಿಮಿಷಕ್ಕೆ 15 ಮಿ.ಲೀ., ಸೋಡಾ ಪಂಪನ್ನು ಪಿಎಚ್ 6.8 ನಿಲ್ಲುವಂತೆ ಹೆಚ್ಚುಕಮ್ಮಿ ಮಾಡುವುದು. ಬಳಿಕ ಅದೇ ಬಿಸಿಯಲ್ಲಿ ಕಲಕುತ್ತಾ ಬಿಡಬೇಕು. ಅವಸರ ಮಾಡಬಾರದ ಹಂತ ಇದು. ತಿಳಿನೀಲಿ ಗಸಿ ಸ್ವಲ್ಪ ಹೊತ್ತಿಗೆ ಹಸಿರಿಗೆ ತಿರುಗುತ್ತದೆ, ಆಗ ಪಿಎಚ್ ಥಟ್ಟನೆ ಇಳಿದು ಮತ್ತೆ ಏರುತ್ತದೆ. ಸತು ಸೇರಿದ ಮ್ಯಾಲಕೈಟ್ (ತಾಮ್ರದ ಹಸಿರು ಕಾರ್ಬೊನೇಟ್) ಹರಳುಗಟ್ಟಿದ ಗುರುತು ಅದು. ಆಮೇಲೂ ಅರ್ಧ ಗಂಟೆ ಬಿಡುತ್ತೇವೆ. ನೀಲಿ ಇರುವಾಗಲೇ ಸೋಸಿದರೆ ತಾಮ್ರ, ಸತು ಒಂದೇ ಹರಳಿನಲ್ಲಿ ಬೆರೆತಿರುವುದಿಲ್ಲ. ಕರೆಂಟ್ ಹೋಗುವ ಊರಾದರೆ ಕಲಕುವ ಮೋಟಾರನ್ನು ಯುಪಿಎಸ್‌ಗೆ ಹಾಕಿ.

ಸೋಸಿದ ಗಸಿಯನ್ನು ಬಿಸಿನೀರಲ್ಲಿ ಕದಡಿ ಮತ್ತೆ ಸೋಸುವುದು, ತೊಳೆದ ನೀರಿನ ವಾಹಕತೆ ಸೆಂ.ಮೀ.ಗೆ 50 ಮೈಕ್ರೊಸೀಮೆನ್ಸ್‌ಗಿಂತ ಕೆಳಗಿಳಿಯುವವರೆಗೆ. ಫನೆಲ್ ಮೇಲಿಂದ ನೀರು ಸುರಿದರೆ ಸಾಲದು. ಗಸಿ ಬಿರುಕುಬಿಟ್ಟು ನೀರೆಲ್ಲ ಬಿರುಕಿನಲ್ಲೇ ಇಳಿದುಹೋಗುತ್ತದೆ, ಒಳಗಿನ ಸೋಡಿಯಂ ಹಾಗೇ ಉಳಿಯುತ್ತದೆ. ರಾತ್ರಿಯಿಡೀ 110 ಡಿಗ್ರಿಯಲ್ಲಿ ಒಣಗಿಸಿ, ತೆಳ್ಳಗೆ ಹರಡಿ, 330 ಡಿಗ್ರಿಯಲ್ಲಿ ಮೂರು ಗಂಟೆ ಸುಟ್ಟರೆ ಸುಮಾರು 75 ಗ್ರಾಂ ಕಪ್ಪು ಪುಡಿ ಸಿಗುತ್ತದೆ. ಒತ್ತಿ, ಒಡೆದು, 250ರಿಂದ 500 ಮೈಕ್ರಾನ್ ಜರಡಿ ಹಿಡಿಯುತ್ತೇವೆ.

ರಿಯಾಕ್ಟರ್ 12 ಮಿ.ಮೀ. ಒಳವ್ಯಾಸದ 316 ಸ್ಟೇನ್‌ಲೆಸ್ ಕೊಳವೆ. ಎರಡು ಗ್ರಾಂ ಕ್ಯಾಟಲಿಸ್ಟ್‌ಗೆ ಎಂಟು ಗ್ರಾಂ ಸಿಲಿಕಾನ್ ಕಾರ್ಬೈಡ್ ಬೆರೆಸಿ ತುಂಬುತ್ತೇವೆ, ಉಷ್ಣತೆ ಅಳೆಯುವ ಥರ್ಮೋಕಪಲ್ ತುದಿ ಪುಡಿಯ ನಡುವೆ ಇರಬೇಕು. ಫರ್ನೇಸಿನ ರೀಡಿಂಗ್ ನೋಡಿ ರಿಡಕ್ಷನ್ (ಹೈಡ್ರೋಜನ್ ಹಾಯಿಸಿ ಕಾಪರ್ ಆಕ್ಸೈಡನ್ನು ತಾಮ್ರವಾಗಿಸುವುದು) ಮಾಡುವವರು ಕ್ಯಾಟಲಿಸ್ಟ್ ಸುಟ್ಟಿದ್ದನ್ನು ಆಮೇಲೆ ತಿಳಿಯುತ್ತಾರೆ. ಕಾಪರ್ ಆಕ್ಸೈಡ್ ತಾಮ್ರವಾಗುವಾಗ ಮೋಲ್‌ಗೆ 87 ಕಿಲೋಜೂಲ್ ಶಾಖ ಹೊರಬರುತ್ತದೆ. ಸಾರಜನಕದಲ್ಲಿ 5% ಹೈಡ್ರೋಜನ್, ನಿಮಿಷಕ್ಕೆ ಒಂದು ಡಿಗ್ರಿ, ಕೊನೆಗೆ 240. ಪುಡಿಯ ಉಷ್ಣತೆ ಫರ್ನೇಸಿಗಿಂತ ಹತ್ತು ಡಿಗ್ರಿ ಮುಂದೆ ಓಡಿದರೆ ಹೈಡ್ರೋಜನ್ ಅರ್ಧಕ್ಕಿಳಿಸಿ ಕಾಯಿರಿ. ನೀರು ಬರುವುದು ನಿಂತ ಮೇಲೆ ಎರಡು ಗಂಟೆ ಅಲ್ಲೇ ಇಡುತ್ತೇವೆ.

ಆಮೇಲೆ 200 ಡಿಗ್ರಿಗೆ ಇಳಿಸಿ, ಸಿನ್‌ಗ್ಯಾಸ್ ಬಿಟ್ಟು, ನಿಧಾನಕ್ಕೆ 50 ಬಾರ್, 240 ಡಿಗ್ರಿ. ಹೈಡ್ರೋಜನ್-ಕಾರ್ಬನ್ ಮಾನಾಕ್ಸೈಡ್ ಎರಡಕ್ಕೊಂದು, ಜೊತೆಗೆ 3ರಿಂದ 5% ಕಾರ್ಬನ್ ಡೈಆಕ್ಸೈಡ್. ಡೈಆಕ್ಸೈಡ್ ಪೂರ್ತಿ ತೆಗೆದರೆ ವೇಗ ಕುಸಿಯುತ್ತದೆ. ಹೆಚ್ಚಾದರೆ ನೀರು ಜಾಸ್ತಿಯಾಗಿ ತಾಮ್ರದ ಕಣ ಬೆಳೆಯುತ್ತದೆ. 270 ದಾಟಿಸಬೇಡಿ. ಗಂಧಕ 0.1 ಪಿಪಿಎಂ ಮೀರಕೂಡದು.

ಗಂಧಕದ ಬಗ್ಗೆ ಎಲ್ಲರೂ ಹುಷಾರು. ಐರನ್ ಕಾರ್ಬೊನಿಲ್ ಮರೆಯುತ್ತಾರೆ. ಕಬ್ಬಿಣದ ಸಿಲಿಂಡರಿನಲ್ಲಿ ಒತ್ತಡದಲ್ಲಿ ನಿಂತ ಮಾನಾಕ್ಸೈಡ್ ಕಬ್ಬಿಣವನ್ನೇ ಆವಿ ಮಾಡಿಕೊಂಡು ಬಂದು ಕ್ಯಾಟಲಿಸ್ಟ್ ಮೇಲೆ ಬಿಡುತ್ತದೆ. ದಿನ ಕಳೆದಂತೆ ಮೆಥನಾಲ್ ಇಳಿದು ಮೀಥೇನ್ ಏರುವುದು ಇದರ ಲಕ್ಷಣ. ಅಲ್ಯೂಮಿನಿಯಂ ಸಿಲಿಂಡರ್ ಕೇಳಿ ತರಿಸಿ, ದಾರಿಯಲ್ಲಿ ತೆಂಗಿನ ಚಿಪ್ಪಿನ ಆಕ್ಟಿವೇಟೆಡ್ ಕಾರ್ಬನ್ ತುಂಬಿದ ಕೊಳವೆ ಇಡಿ.

ತಿಪಟೂರು ಕಡೆಯವರು ಕೇಳುವುದು ಒಂದೇ: ತೆಂಗಿನ ಚಿಪ್ಪನ್ನು ಅನಿಲವಾಗಿಸುವ ಗ್ಯಾಸಿಫೈಯರ್‌ನ ಅನಿಲವನ್ನೇ ಹಾಯಿಸಬಹುದಾ? ಗಾಳಿ ಊದುವ ಗ್ಯಾಸಿಫೈಯರ್‌ನದಾದರೆ ಬೇಡ. ಅದರಲ್ಲಿ ಅರ್ಧದಷ್ಟು ಸಾರಜನಕ, ಕಂಪ್ರೆಸರ್ ದುಡಿಮೆಯಲ್ಲೂ ಅರ್ಧದಷ್ಟು ಅದಕ್ಕೇ ಹೋಗುತ್ತದೆ. ಹೈಡ್ರೋಜನ್ ಮಾನಾಕ್ಸೈಡ್‌ಗೆ ಸರಿಸಮವಷ್ಟೇ, ಡಾಂಬರು ಬೇರೆ. ಆಮ್ಲಜನಕ ಮತ್ತು ಹಬೆ ಊದಿ, ತೊಳೆದು, ಮಾನಾಕ್ಸೈಡ್ ಮತ್ತು ಹಬೆಯಿಂದ ಹೈಡ್ರೋಜನ್ ಮಾಡುವ ಶಿಫ್ಟ್ ರಿಯಾಕ್ಟರ್‌ನಲ್ಲಿ ಅನುಪಾತ ಸರಿಮಾಡಿದ ಮೇಲೆ ಮಾತ್ರ.

ಬಳಸಿದ ಕ್ಯಾಟಲಿಸ್ಟನ್ನು ನೇರ ಗಾಳಿಗೆ ಸುರಿದರೆ ಕೆಂಡವಾಗುತ್ತದೆ. ಸಾರಜನಕದಲ್ಲಿ ತಣಿಸಿ, 1% ಆಮ್ಲಜನಕ ಬೆರೆಸಿ, ಪುಡಿಯ ಉಷ್ಣತೆ ಏರುವುದು ನಿಂತ ಮೇಲೆ ಕೊಳವೆ ಬಿಚ್ಚಿ. ಅಲ್ಲಿಯವರೆಗೂ ಮಾನಾಕ್ಸೈಡ್ ಅಲಾರಂ ಆನ್ ಇರಲಿ, ಆ ಅನಿಲಕ್ಕೆ ವಾಸನೆ ಇಲ್ಲ.