ಒತ್ತಿನಿಂದ ಮೇಲಕ್ಕೆ: ಚೌಕ, ಕಾಲುವೃತ್ತ ಜೋಡಿಸಿ ಕನ್ನಡ ಅಕ್ಷರ ಕಟ್ಟಿದ ಅನುಭವ

ಲಕ್ಷ್ಮೇಶ್ವರ ಅನ್ನುವ ಒಂದು ಊರಿನ ಹೆಸರು ನನ್ನ ಮೂರು ತಿಂಗಳ ಕೆಲಸವನ್ನು ಕೆಡವಿ ಹಾಕಿತು. ಅದಕ್ಕೆ ನಾನು ಇವತ್ತಿಗೂ ಋಣಿ.

ಹುಬ್ಬಳ್ಳಿಯಲ್ಲಿ ನನ್ನದು ಬೋರ್ಡು, ಸ್ಟಿಕರ್ ಕಟಿಂಗ್ ಅಂಗಡಿ. ಮನೆ ಧಾರವಾಡ. ಶಿಗ್ಗಾವಿ, ಶಿರಹಟ್ಟಿ, ಅಣ್ಣಿಗೇರಿ ಕಡೆಯಿಂದಲೂ ಗಿರಾಕಿಗಳು ಬರುತ್ತಾರೆ. ಇಂಗ್ಲಿಷ್ ಬೋರ್ಡು ಬೇಕೆಂದರೆ ನೂರು ನಮೂನೆ ಅಕ್ಷರ ತೋರಿಸಬಹುದು. ಕನ್ನಡ ಅಂದ ಕೂಡಲೇ ಅವೇ ನಾಲ್ಕೈದು. ಬೋರ್ಡಿನ ಕನ್ನಡವೂ ಇಂಗ್ಲಿಷಿನಷ್ಟೇ ಗಟ್ಟಿಯಾಗಿ ಕಾಣಬೇಕೆಂಬ ಹಟಕ್ಕೆ ಬಿದ್ದು ಸ್ವಂತ ಫಾಂಟ್ ಕಟ್ಟಲು ಕೂತೆ.

ಬ್ರಶ್ ಹಿಡಿದು ಬರೆಯುವ ಪೇಂಟರ್‌ಗಳ ಕೈ ನನ್ನದಲ್ಲ. ತುಂಡು ಕತ್ತರಿಸಿ ಜೋಡಿಸುವುದು ಮಾತ್ರ ದಿನಾ ಮಾಡುವ ಕೆಲಸ. 1920ರ ದಶಕದಲ್ಲಿ ಜರ್ಮನಿಯ ಬೌಹೌಸ್ ಎಂಬ ಕಲೆ, ವಿನ್ಯಾಸದ ಶಾಲೆಯ ಯೋಸೆಫ್ ಆಲ್ಬರ್ಸ್ ಚೌಕ, ಕಾಲುವೃತ್ತ, ವೃತ್ತ ಈ ಮೂರರಿಂದಲೇ ಇಡೀ ವರ್ಣಮಾಲೆ ಕಟ್ಟಿದ್ದರು. ಅದನ್ನು ನೋಡಿದಾಗ ಇದು ನನ್ನ ಕೈಗೆ ಎಟುಕುವ ದಾರಿ ಅನ್ನಿಸಿತು. ಆದರೆ ರೋಮನ್ ಅಕ್ಷರಗಳು ಒಂದರ ಪಕ್ಕ ಒಂದು ನಿಲ್ಲುತ್ತವೆ. ನಮ್ಮವು ಮೇಲೆ ತಲೆಕಟ್ಟು ಹೊತ್ತು, ಕೆಳಗೆ ಒತ್ತು ಇಳಿಬಿಟ್ಟುಕೊಂಡು ನಿಲ್ಲುತ್ತವೆ. ಈ ವ್ಯತ್ಯಾಸ ಎಷ್ಟು ದೊಡ್ಡದೆಂದು ಆಗ ಹೊಳೆಯಲಿಲ್ಲ.

ಮೊದಲು ಕೈ ಹಾಕಿದ್ದು ಕಸೂತಿಗೆ. ನಮ್ಮವ್ವ ಇಳಕಲ್ ಸೀರೆಗೆ ಗವಂತಿ, ಮುರ್ಗಿ ಎಂಬ ಕಸೂತಿ ಹೊಲಿಗೆ ಹಾಕುವುದನ್ನು ನೋಡುತ್ತ ಬೆಳೆದವನು ನಾನು. ಬಟ್ಟೆಯ ಮೇಲೆ ಗೆರೆ ಬರೆದುಕೊಳ್ಳದೆ, ಬರೀ ಎಳೆ ಎಣಿಸಿ ಗೋಪುರ, ತೇರು, ಆನೆ ತರುತ್ತಾಳೆ. ಹಾಗೇ ಅಡ್ಡ, ಉದ್ದ, ಓರೆ ಮೂರೇ ಗೆರೆಯಲ್ಲಿ ಅಕ್ಷರ ಬರೆದು ನೋಡಿದೆ. ಗೋಪುರಕ್ಕೆ ಒಪ್ಪುವ ಓರೆ ಗೆರೆ 'ರ'ಕ್ಕೆ ಒಪ್ಪಲಿಲ್ಲ. ಎಂಟು ಮೂಲೆಯ ರ, ಠ ಓದಲು ಬರುತ್ತವೆ, ಆದರೆ ಕಣ್ಣು ಮೂಲೆ ಮೂಲೆಗೂ ಎಡವುತ್ತದೆ. ಕನ್ನಡಕ್ಕೆ ದುಂಡು ಬೇಕೇ ಬೇಕು. ಓರೆ ಬಿಟ್ಟು ಕಾಲುವೃತ್ತಕ್ಕೆ ಬಂದೆ.

ಹುಬ್ಬಳ್ಳಿ-ಧಾರವಾಡ ನಡುವಿನ ಚಿಗರಿ ಬಸ್ಸಿನಲ್ಲಿ ಹೋಗಿಬರುವಾಗ ಚೌಕಳಿ ಹಾಳೆಯ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೆ. ಅಕ್ಷರದ ಮೈಯ ಎತ್ತರಕ್ಕೆ ಚೌಕಳಿಯ 12 ಮನೆ, ಗೆರೆಯ ದಪ್ಪ 2 ಮನೆ, ಕೆಳಗೆ ಒತ್ತಿಗೆಂದು 4 ಮನೆ. ಅ, ಕ, ಗ, ರ ಎಲ್ಲ ಚೆಂದ ಬಂದವು. ಚಿತ್ರ ಬರೆಯುವ ತಂತ್ರಾಂಶ ಇಂಕ್‌ಸ್ಕೇಪ್‌ನಲ್ಲಿ ತಿದ್ದಿ, ಫಾಂಟ್ ಕಟ್ಟುವ ತಂತ್ರಾಂಶ ಫಾಂಟ್‌ಫೋರ್ಜ್‌ಗೆ ತಂದು ಮೂಲಾಕ್ಷರಗಳನ್ನೆಲ್ಲ ಮುಗಿಸಿದೆ. ಒತ್ತುಗಳನ್ನು ಕೊನೆಗೆ ಮಾಡಿದರಾಯಿತೆಂದು ಬಿಟ್ಟಿದ್ದೆ. ಅಷ್ಟರಲ್ಲಿ ಲಕ್ಷ್ಮೇಶ್ವರದ ಗಿರಾಕಿಯೊಬ್ಬರ ಬೋರ್ಡು ಬಂತು. 'ಕ್ಷ್ಮೇ'ಯಲ್ಲಿ ಕ, ಅದರಡಿ ಷ, ಪಕ್ಕದಲ್ಲಿ ಮ, ಮೇಲೆ ಏತ್ವ, ಬಲಕ್ಕೆ ದೀರ್ಘ. ಮುಂದೆ 'ಶ್ವ'. 4 ಮನೆಯಲ್ಲಿ 2 ಮನೆ ದಪ್ಪದ ಎರಡು ಗೆರೆ ಹಾಕಿದರೆ ನಡುವೆ ಬೆಳಕಿಗೆ ಜಾಗವೇ ಉಳಿಯುವುದಿಲ್ಲ. ಒತ್ತು ಕರೀ ಗಂಟಾಯಿತು. ಕುಗ್ಗಿಸಿ ಕೂರಿಸಿದರೆ ಗೆರೆ ಸಣಕಲಾಗಿ ಬೇರೆ ಯಾರದೋ ಅಕ್ಷರ ತಂದು ಅಂಟಿಸಿದ ಹಾಗೆ ಕಂಡಿತು.

ರಾತ್ರಿ ಊಟದ ಹೊತ್ತಿಗೆ ಅವ್ವ ಹಾಳೆ ನೋಡಿದಳು. "ಎಳಿ ಎಣಿಸೂಕಿಂತ ಮೊದ್ಲ ಸೂಜಿ ಚುಚ್ಚೀಯಲ್ಲೋ ತಮ್ಮಾ. ಇನ್ನ ಬಿಚ್ಚೂದ ಸೈ," ಅಂದಳು. ಬಿಚ್ಚಿದೆ.

ಎರಡನೇ ಸಲ ಕೆಳಗಿನಿಂದ ಎಣಿಸಿದೆ. ಅತಿ ಇಕ್ಕಟ್ಟಿನ ಒತ್ತಿನಲ್ಲಿ ಒಂದರ ಮೇಲೊಂದು ಮೂರು ಗೆರೆ, ನಡುವೆ ಎರಡು ಸಂದು. ಗೆರೆಗೆ 2, ಸಂದಿಗೆ 1 ಹಿಡಿದರೆ 8 ಮನೆ. ಅದರ ಮೇಲೆ 1 ಮನೆ ಖಾಲಿ, ಮೈಗೆ 14, ತಲೆಕಟ್ಟಿಗೆ 5. ಒಟ್ಟು 28. ಫಾಂಟಿನ ಅಳತೆ 1000 ಯುನಿಟ್ ಇಟ್ಟು, ಒಂದು ಮನೆಗೆ 25 ಯುನಿಟ್ ಮಾಡಿದೆ. ಹೀಗೆ ಸಿಕ್ಕ 40 ಮನೆಯಲ್ಲಿ 28 ಮನೆ ಅಕ್ಷರಕ್ಕೆ, ಉಳಿದ 12 ಮನೆ ಸಾಲುಗಳ ನಡುವಿನ ಉಸಿರಿಗೆ. ಮೈಯ ಗೆರೆ 3 ಮನೆ, ಒತ್ತಿನದು 2. ಈ ಮೂರಕ್ಕೆ ಎರಡರ ಲೆಕ್ಕ ಕೂತ ಮೇಲೆ ಒತ್ತು ಆ ಅಕ್ಷರದ ಮಗುವಿನಂತೆ ಕಂಡಿತು. ಕನ್ನಡದಲ್ಲಿ ಯಾರಾದರೂ ಈ ಕೆಲಸಕ್ಕೆ ಇಳಿದರೆ 'ಅ'ದಿಂದ ಶುರು ಮಾಡಬೇಡಿ, ಒತ್ತಿನಿಂದ ಮಾಡಿ ಎಂದೇ ಹೇಳುತ್ತೇನೆ.

ತುಂಡುಗಳು ಏಳೇ: ಚೌಕ, ತುಂಬಿದ ಕಾಲುವೃತ್ತ, ಬಳೆಯ ಕಾಲುಭಾಗ, ಒಳಮೂಲೆ, ಅರ್ಧವೃತ್ತ, ಓರೆ ತುಂಡು, ಚುಕ್ಕೆ. ಇವನ್ನೇ ಜೋಡಿಸಿ ಒಂದು ತಲೆಕಟ್ಟು ಮಾಡಿ, ತಲೆಕಟ್ಟಿರುವ ಎಲ್ಲ ಅಕ್ಷರಕ್ಕೂ ಅದನ್ನೇ ಕೂರಿಸಿದೆ. ಖ, ಜ, ಟ, ಣ, ಬ, ಲ ತಲೆಕಟ್ಟಿಲ್ಲದವು, ಅವುಗಳ ಮೈ ಬೇರೆಯೇ ಬರೆಯಬೇಕು. ಕ 'ಕಿ' ಆಗುವಾಗ ತಲೆಕಟ್ಟು ಹೋಗಿ ಅಲ್ಲಿ ಗುಡಿಸು ಬರುತ್ತದೆ. ಹಾಗಾಗಿ ತಲೆಕಟ್ಟಿಲ್ಲದ ಮೈಯನ್ನೂ ಪ್ರತ್ಯೇಕ ಇಟ್ಟುಕೊಂಡೆ.

ತುಂಡುಗಳನ್ನು ಅಂಚಿಗೆ ಅಂಚು ತಾಗಿಸಿ ಇಟ್ಟಿದ್ದು ಇನ್ನೊಂದು ತಪ್ಪು. ತೆರೆಯ ಮೇಲೆ ಕೂದಲೆಳೆಯಷ್ಟು ಬಿಳಿ ಗೆರೆ ಕಾಣುತ್ತಿತ್ತು, ನಾನು ಲಕ್ಷ್ಯ ಕೊಡಲಿಲ್ಲ. ಕಟಿಂಗ್ ಮಶೀನಿಗೆ ಹಾಕಿದರೆ ಅದು ಪ್ರತಿ ತುಂಡಿನ ಸುತ್ತಲೂ ಬ್ಲೇಡು ಓಡಿಸಿತು. 'ಹ' ಒಂದೇ ಅಕ್ಷರ 11 ಚೂರಾಗಿ ಕೈಗೆ ಬಂತು. ಈಗ ಪ್ರತಿ ತುಂಡನ್ನೂ ಪಕ್ಕದ್ದರ ಮೇಲೆ 2 ಯುನಿಟ್ ಹತ್ತಿಸಿ, ಆಮೇಲೆ ಎಲ್ಲವನ್ನೂ ಒಂದೇ ಆಕಾರವಾಗಿ ಬೆಸೆಯುತ್ತೇನೆ. ದುಂಡಗಿನ ರ, ಠ ಚಪ್ಪಟೆ ಅಂಚಿನ ಅಕ್ಷರಗಳ ಪಕ್ಕ ಗಿಡ್ಡ ಕಾಣುತ್ತಿದ್ದವು. ಅವನ್ನು ಮೇಲೆ, ಕೆಳಗೆ ಅರ್ಧ ಮನೆ ಹೊರಗೆ ದಾಟಿಸಿದೆ. ಚೌಕಳಿಯ ನಿಯಮ ಅಲ್ಲಿ ಮುರಿಯಿತು, ಆದರೆ ಓದುವುದು ಕಣ್ಣು, ಚೌಕಳಿಯಲ್ಲ.

ಒತ್ತು ಬರೆದರಷ್ಟೇ ಸಾಲದು, ಅದು ಯಾವಾಗ ಬರಬೇಕೆಂದು ಫಾಂಟಿಗೆ ಹೇಳಿಕೊಡಬೇಕು. ಇಂಥ ನಿಯಮ ಬರೆಯುವ ಫಾಂಟ್ ಮಾದರಿಯಾದ ಓಪನ್‌ಟೈಪ್‌ನಲ್ಲಿ ಕನ್ನಡಕ್ಕೆ ಹಳೆಯದು, ಹೊಸದು ಎಂದು ಎರಡು ಗುರುತುಗಳಿವೆ. ಹಳೆಯದರಲ್ಲಿ ಒತ್ತಿನ ನಿಯಮ ವ್ಯಂಜನ ಮೊದಲು, ವಿರಾಮ, ಅಂದರೆ ಅಕ್ಷರವನ್ನು ಅರ್ಧ ಮಾಡುವ ಚಿಹ್ನೆ, ಆಮೇಲೆ. ಹೊಸದರಲ್ಲಿ ವಿರಾಮ ಮೊದಲು. ನಾನು ಹೊಸ ಗುರುತಿನಡಿ ಹಳೆಯ ಕ್ರಮ ಬರೆದಿದ್ದೆ. ಪರದೆಯ ಮೇಲೆ 'ಹುಬ್‌ಬಳ್‌ಳಿ' ಎಂದು ಬಂತು. ಕ್ರಮ ತಿರುಗಿಸಿದ ಮೇಲೆ ಸರಿಯಾಯಿತು. ಅರ್ಕಾವೊತ್ತಿಗೆ ಬೇರೆಯೇ ನಿಯಮ, ಏಕೆಂದರೆ ಟೈಪ್ ಮಾಡುವಾಗ ಮೊದಲು ಬರುವ ರಕಾರ ಬರಹದಲ್ಲಿ ಕೊನೆಗೆ ನಿಲ್ಲಬೇಕು.

ಅಚ್ಚುಮೊಳೆ ಜೋಡಿಸಿಯೇ ಆಯುಷ್ಯ ಕಳೆದ ಗದಗಿನ ಕಾಕಾ ಒಬ್ಬರಿದ್ದಾರೆ. ತಾಲೂಕುಗಳ ಹೆಸರನ್ನೆಲ್ಲ ಪ್ರಿಂಟ್ ಹಾಕಿ ಅವರ ಮುಂದೆ ಹಿಡಿದೆ. ಹಾಳೆಯನ್ನು ಕೈಯುದ್ದ ದೂರ ಹಿಡಿದು ಓದುತ್ತ ಹೋದರು. ಧಾರವಾಡ ಎಂಬಲ್ಲಿ ನಿಂತರು. "ಇದು ದಾರವಾಡ ಆಗೇತಲ್ಲೋ. ಹೊಟ್ಟಿ ಸೀಳಿದ್ದು ಎಲ್ಲೈತಿ?" ಸೀಳಿಗೆ ನಾನು ಕೊಟ್ಟಿದ್ದು ಒಂದೇ ಮನೆ. ಸಣ್ಣ ಅಳತೆಯಲ್ಲಿ ಅದು ಮೈಗೆ ಅಂಟಿ ಮಾಯವಾಗಿತ್ತು. ಸ್ವಂತ ಊರಿನ ಹೆಸರೇ ತಪ್ಪಾದದ್ದು ಮನಸ್ಸಿಗೆ ನಾಟಿತು. ಢ, ಧ, ಫ, ಭ ಮುಂತಾದ ಹೊಟ್ಟೆ ಸೀಳಿದ ಅಕ್ಷರಗಳಿಗೆಲ್ಲ ಸೀಳನ್ನು 2 ಮನೆ ಅಗಲ ಮಾಡಿ, ಮೈಯಿಂದ ಕೆಳಗೆ ಒಂದು ಮನೆ ಇಳಿಸಿದೆ. ಕೆಳಗೆ ಒತ್ತು ಬಂದಾಗ ಅದಕ್ಕೆ ತಾಗದ ಹಾಗೆ ಗಿಡ್ಡ ಸೀಳಿನ ಇನ್ನೊಂದು ರೂಪವನ್ನೂ ಇಟ್ಟೆ.

ಲಕ್ಷ್ಮೇಶ್ವರದ ಬೋರ್ಡು ಕೊನೆಗೆ ಇದೇ ಅಕ್ಷರದಲ್ಲಿ ಹೋಯಿತು. ಕೂರಿಸುವಾಗ ನಾನೇ ಏಣಿ ಹತ್ತಿದ್ದೆ. ಇಳಿದು ರಸ್ತೆಯ ಆಚೆ ನಿಂತು ನೋಡಿದರೆ ಷಕಾರದ ಒತ್ತಿನ ಒಳಗಿನ ಸಂದು ಅಲ್ಲಿಂದಲೂ ಬೆಳ್ಳಗೆ ಕಾಣುತ್ತಿತ್ತು. ಈಗ ವಟ್ರಸುಳಿ ತಿದ್ದುತ್ತಿದ್ದೇನೆ. 'ಕೃ' ಸರಿ ಬಂದಿದೆ, 'ಹೃ' ಇನ್ನೂ ಬಲಕ್ಕೆ ವಾಲುತ್ತಿದೆ.